ಬಣ್ಣ ನಿಂತ ಹತ್ತೊಂಬತ್ತು ದಿನ

ಬಿಳಿಯ ಹಾಸುಬಟ್ಟೆ ಅಗಲದಲ್ಲಿ ಕಡಿಮೆಯಾಗುತ್ತಿದೆ ಎಂದು ಮೊದಲು ಪತ್ತೆ ಹಚ್ಚಿದವರು ಅತ್ತೆ. ಮಂಚದ ಮೇಲೆ ಹಾಸುವುದಲ್ಲ, ಇಸ್ತ್ರಿ ಮಾಡುವಾಗ ಊಟದ ಮೇಜಿನ ಮೇಲೆ ಹರಡಲೆಂದು ಎತ್ತಿಟ್ಟ ಹಳೆಯದು. ಮೊದಲೆಲ್ಲ ಮೇಜಿನ ಎರಡೂ ಕಡೆ ಗೇಣುದ್ದ ಇಳಿಬೀಳುತ್ತಿತ್ತು. ಈಗ ಒಂದು ಕಡೆ ಇಳಿಬಿಟ್ಟರೆ ಇನ್ನೊಂದು ಕಡೆ ಮರ ಕಾಣುತ್ತಿತ್ತು.

"ಯಾರೋ ಕತ್ತರಿಸ್ತಿದ್ದಾರೆ," ಎಂದರು ಅತ್ತೆ, ಅಂಚನ್ನು ಕಣ್ಣಿನ ಹತ್ತಿರ ಹಿಡಿದು. "ಹರಿದಿದ್ದಲ್ಲ ಇದು. ಕತ್ತರಿ ಹಾಕಿದ್ದು. ಒಂದೇ ಗೆರೇಲಿ, ಒಳ್ಳೇ ಪಳಗಿದ ಕೈ."

"ನನ್ನ ಕಡೆ ನೋಡ್ಬೇಡಿ ಅಜ್ಜಿ," ಎಂದಳು ಹನ್ನೊಂದು ವರ್ಷದ ಮೊಮ್ಮಗಳು. ಮಾತಿಗೆ ಮಾತು ಕೊಡುವ ಗುಣದಿಂದ ಅವಳಿಗೆ ಮನೆಯಲ್ಲಿ ವಕೀಲೆ ಎಂದೇ ಹೆಸರು. "ನಾನು ಕತ್ತರಿಸಿದ್ರೆ ಸೊಟ್ಟ ಬರುತ್ತೆ. ಬೇಕಾದ್ರೆ ಸ್ಕೂಲ್ ಟೀಚರ್‌ನ ಸಾಕ್ಷಿ ಕರೀತೀನಿ."

"ಇಲಿ ಇರ್ಬೇಕು," ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ.

"ಹೌದಪ್ಪ, ಕನ್ನಡಕ ಹಾಕ್ಕೊಂಡು ಅಳತೆಪಟ್ಟಿ ಇಟ್ಕೊಂಡಿರೋ ಇಲಿ. ದೊಡ್ಡ ದೊಡ್ಡ ಲಿಫ್ಟ್ ರಿಪೇರಿ ಮಾಡ್ತೀಯ, ಮನೇಲಿ ಏನು ನಡೀತಿದೆ ಅಂತ ಗೊತ್ತಿಲ್ಲ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಾವ ಈ ವಿಚಾರಣೆಗೆ ಕಿವಿಗೊಟ್ಟಂತೆ ಕಾಣಲಿಲ್ಲ. ಬೆಂಕಿಪೊಟ್ಟಣವನ್ನು ಬೆರಳ ನಡುವೆ ತಿರುಗಿಸುತ್ತಾ, "ಇವತ್ತು ಬೀಟ್ರೂಟ್ ಮಾಡಿಲ್ವಾ?" ಎಂದು ಕೇಳಿದರು.

ಸೊಸೆ ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತಳು. ಈ ಮನೆಗೆ ಬಂದ ಹದಿಮೂರು ವರ್ಷದಲ್ಲಿ ಮಾವ ಬೀಟ್ರೂಟ್ ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಬಣ್ಣದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ನೂಲು ಅದ್ದಿಸಿದ ಮನುಷ್ಯ, ಬಣ್ಣ ಬಿಡುವ ತರಕಾರಿಯನ್ನು ತಟ್ಟೆಯಲ್ಲೂ ನೋಡಲಾರೆ ಎಂದು ದೂರ ತಳ್ಳುತ್ತಿದ್ದರು. ಈಗ ಒಂದೂವರೆ ತಿಂಗಳಿಂದ ವಾರಕ್ಕೆರಡು ಸಲ ತಾವಾಗಿಯೇ ಕೇಳುತ್ತಿದ್ದರು. ವಯಸ್ಸಾದ ಮೇಲೆ ನಾಲಿಗೆಯೂ ಬದಲಾಗುತ್ತದೇನೋ ಎಂದುಕೊಂಡು ಅವಳು ಸೌಟು ಅಲ್ಲಾಡಿಸಿದಳು.

ಕಾರ್ಖಾನೆಯಲ್ಲಿ ಅವರನ್ನು ಕಣ್ಣುಮೇಸ್ತ್ರಿ ಎಂದು ಕರೆಯುತ್ತಿದ್ದರಂತೆ. ಯಂತ್ರ ಬರುವ ಮೊದಲು ಎರಡು ನೂಲಿನ ಬಣ್ಣ ಒಂದೇ ಹೌದೋ ಅಲ್ಲವೋ ಎಂದು ಹೇಳುತ್ತಿದ್ದದ್ದು ಅವರ ಕಣ್ಣು. ಯಂತ್ರ ಬಂದ ಮೇಲೆ ಅದು ಸರಿಯಾಗಿದೆಯೇ ಎಂದು ನೋಡುತ್ತಿದ್ದದ್ದೂ ಅವರ ಕಣ್ಣೇ. ನಿವೃತ್ತರಾಗುವಾಗ ಜೊತೆಗೆ ತಂದದ್ದು ಎರಡು ವಸ್ತು. ಚಿಕ್ಕ ಚಿಕ್ಕ ಬಟ್ಟೆತುಂಡು ಅಂಟಿಸಿದ ನಮೂನೆಪುಸ್ತಕ, ಮತ್ತು 'ಪಕ್ಕಾ' ಎಂದು ಕೆತ್ತಿದ ಮರದ ಮೊಹರು. ಅದ್ದಿದ ಬಟ್ಟೆಯನ್ನು ಮೂರು ಸಲ ಒಗೆದು, ಮೂರನೆಯ ನೀರೂ ತಿಳಿಯಾಗಿ ಬಂದರೆ ಆ ಮೊಹರು ಒತ್ತುವುದು. ಬಣ್ಣ ಇನ್ನು ಬಿಡುವುದಿಲ್ಲ, ಮಾಲು ಹೊರಗೆ ಹೋಗಬಹುದು ಎಂದು ಅರ್ಥ.

ಸೊಸೆಗೆ ಆ ದಿನಗಳಲ್ಲಿ ತನ್ನದೇ ತಲೆಬಿಸಿ. ಅವಳು ರಸಾಯನಶಾಸ್ತ್ರ ಓದಿ, ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿನ ಪ್ರೊಫೆಸರರೊಬ್ಬರು ಅವಳಿಗೊಂದು ಎಣಿಕೆ ಒಪ್ಪಿಸಿದ್ದರು: ಸಿಗರೇಟಿಗೂ ಮೂತ್ರಕೋಶದ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ಜಗತ್ತಿನಲ್ಲಿ ಈವರೆಗೆ ಯಾರು, ಯಾವಾಗ, ಎಲ್ಲಿ ಏನು ಬರೆದಿದ್ದಾರೆ ಎಂದು ವಿಂಗಡಿಸಬೇಕು. ಪೂರ್ತಿ ಲೇಖನ ಓದಬೇಕಿಲ್ಲ. ಶೀರ್ಷಿಕೆ, ಸಾರಾಂಶ, ಮುಖ್ಯ ಪದಗಳು, ಅಷ್ಟು ಸಾಕು. ಯಾವ ಪದ ಯಾವ ವರ್ಷ ಎಷ್ಟು ಸಲ ಬಂತು, ಯಾವ ಪದದ ಜೊತೆ ಬಂತು ಎಂದು ಗುರುತಿಸಿದರೆ, ಸಂಶೋಧನೆಯ ಗಾಳಿ ಯಾವ ಕಾಲದಲ್ಲಿ ಯಾವ ಕಡೆ ಬೀಸಿತು ಎಂಬ ಚಿತ್ರ ಸಿಗುತ್ತದೆ. ಸಾವಿರದ ಮೇಲೆ ಲೇಖನಗಳು. ಅರ್ಧ ಕೆಲಸ ಮನೆಗೇ ಬರುತ್ತಿತ್ತು.

"ಎಣಿಸೋಕೂ ಡಿಗ್ರಿ ಬೇಕಾ?" ಎಂದು ಮಾವ ಮೊದಲ ದಿನ ಛೇಡಿಸಿದ್ದರು. ಆದರೆ ಎರಡನೆಯ ವಾರದಿಂದ ಸಂಜೆ ಅವಳು ಚಪ್ಪಲಿ ಬಿಡುವಷ್ಟರಲ್ಲಿ ಪ್ರಶ್ನೆ ಕಾದಿರುತ್ತಿತ್ತು. "ಇವತ್ತು ಎಷ್ಟಾಯ್ತು? ಏನಂತಾರೆ?"

ಅವಳಿಗೆ ಒಳಗೊಳಗೇ ಹಿಗ್ಗು. ಮನೆಯಲ್ಲಿ ಅವಳ ಕೆಲಸದ ಬಗ್ಗೆ ಕೇಳುವವರು ಬೇರೆ ಯಾರೂ ಇರಲಿಲ್ಲ.

"ನೂರು ವರ್ಷದ ಹಿಂದೆ ಸಿಗರೇಟಿನ ಸುದ್ದೀನೇ ಇಲ್ಲ ಮಾವ. ಆಗ ಎಲ್ಲಾ ಬರೆದಿದ್ದು ನಿಮ್ಮಂಥವರ ಬಗ್ಗೆ. ಬಣ್ಣದ ಕಾರ್ಖಾನೇಲಿ ಕೆಲಸ ಮಾಡೋರಿಗೆ ಮೂತ್ರಕೋಶದಲ್ಲಿ ಗಡ್ಡೆ ಜಾಸ್ತಿ ಅಂತ ಯಾರೋ ಡಾಕ್ಟ್ರು ಗಮನಿಸಿದ್ರಂತೆ."

ಮಾವನ ಬೆರಳ ನಡುವೆ ಬೆಂಕಿಪೊಟ್ಟಣ ನಿಂತಿತು. "ಆಮೇಲೆ?"

"ಆಮೇಲೆ ಸಿಗರೇಟು ಬಂತು. ಮೊದಮೊದಲು ವರ್ಷಕ್ಕೊಂದೋ ಎರಡೋ ಲೇಖನ, ಸೇದೋರಲ್ಲಿ ಇದು ಜಾಸ್ತೀನಾ ಅಂತ ಅನುಮಾನ. ಆಮೇಲೆ ಮಳೆ ಹಿಡಿದ ಹಾಗೆ. ಈಗ ಅನುಮಾನ ಯಾರಿಗೂ ಇಲ್ಲ. ಈ ಕಾಯಿಲೆ ಬಂದವರಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ ಕಾರಣ ಹೊಗೇನೇ ಅಂತಾರೆ."

"ಕೇಳಿಸ್ಕೊಂಡ್ರಾ?" ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಜಗತ್ತೇ ಹೇಳ್ತಿದೆ. ನಾನು ಹೇಳಿರ್ಲಿಲ್ವಾ?"

'ನಾನು ಹೇಳಿರ್ಲಿಲ್ವಾ' ಎಂಬುದು ಅತ್ತೆಯ ಮೊಹರು. ಹಾಲು ಉಕ್ಕಿದರೂ, ಛತ್ರಿ ಮರೆತು ಹೋದವರು ನೆನೆದು ಬಂದರೂ, ಮಗ ಹೊಸ ಬೂಟು ಕಚ್ಚುತ್ತದೆ ಎಂದು ಕುಂಟಿಕೊಂಡು ಬಂದರೂ ಅದನ್ನೊತ್ತುವರು. ಗಂಡನ ಸಿಗರೇಟಿನ ವಿಷಯದಲ್ಲಿ ಮಾತ್ರ ನಲವತ್ತೊಂದು ವರ್ಷದಿಂದ ಮೊಹರು ಕೈಯಲ್ಲೇ ಇತ್ತು. ಒತ್ತಲು ಸರಿಯಾದ ಜಾಗ ಸಿಕ್ಕಿರಲಿಲ್ಲ. ಕೆಮ್ಮಿದರೆ ಮಾವ ಧೂಳು ಎನ್ನುವರು, ಏದುಸಿರು ಬಂದರೆ ಮೆಟ್ಟಿಲು ಕಡಿದು ಎನ್ನುವರು.

"ಅಮ್ಮ, ಬರೀ ಸಿಗರೇಟ್ ಅಂತ ಯಾಕೆ ಹಿಡ್ಕೊಂಡಿದ್ದೀಯ?" ಎಂದ ಮಗ. "ಆ ಕಾರ್ಖಾನೆ ಏನು ಕಮ್ಮೀನಾ? ಕೈಗೆ ಗ್ಲೌಸ್ ಇಲ್ಲ, ಮೂಗಿಗೆ ಬಟ್ಟೆ ಇಲ್ಲ. ಅಪ್ಪ ಮನೆಗೆ ಬಂದ್ರೆ ಉಗುರು ನೀಲಿ."

"ನೀಲಿ ಉಗುರು ತೊಳೆದ್ರೆ ಹೋಗುತ್ತೆ. ಹೊಗೆ ಒಳಗೆ ಹೋಗಿದ್ದು ಎಲ್ಲಿ ತೊಳೀತೀಯ?"

"ನೀಲಿಯೂ ಒಳಗೆ ಹೋಗುತ್ತೆ ಅಮ್ಮ!"

"ಅದು ಸಂಬಳ ಕೊಟ್ಟು ಕಳಿಸಿದ್ದು. ಇದು ಇವರೇ ಕಾಸು ಕೊಟ್ಟು ಕಳಿಸ್ಕೊಂಡಿದ್ದು."

ವಕೀಲೆ ಎರಡೂ ಕಡೆ ನೋಡಿ, "ಆರೋಪಿ ಏನೂ ಹೇಳ್ತಿಲ್ಲ," ಎಂದಳು. ಆರೋಪಿ ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಗಾಜಿನಾಚೆ ಕಿಡಿಯೊಂದು ಹೊತ್ತಿತು.

ದಿನಗಳು ಹೀಗೇ ಹೋದವು. ಮಾವನ ಪ್ರಶ್ನೆಗಳು ಮಾತ್ರ ವಿಚಿತ್ರವಾಗಿ ಮೊನಚಾಗುತ್ತಾ ಬಂದವು. ಆ ಕಾಯಿಲೆಯಲ್ಲಿ ನೋವಿರುತ್ತಾ? ಹೆಚ್ಚಿನವರಿಗೆ ಮೊದಲು ನೋವೇ ಇರಲ್ಲ, ಮಾವ, ಅದೇ ತೊಂದರೆ. ನೋವಿಲ್ಲದಿದ್ರೆ ಗೊತ್ತಾಗೋದು ಹೇಗೆ? ಮೂತ್ರದಲ್ಲಿ ರಕ್ತ ಬರುತ್ತೆ. ಹೂಂ. ಇದೆಲ್ಲಕ್ಕೂ ಸೊಸೆ ಬಟಾಣಿ ಬಿಡಿಸುತ್ತಾ, ಬಟ್ಟೆ ಮಡಿಸುತ್ತಾ ಉತ್ತರ ಕೊಡುತ್ತಿದ್ದಳು. 'ನೋವಿಲ್ಲದ ರಕ್ತಮೂತ್ರ' ಎಂಬ ಪದಗುಚ್ಛವನ್ನು ಅವಳು ಆ ಹೊತ್ತಿಗೆ ಎಪ್ಪತ್ತಮೂರು ಸಲ ಗುರುತು ಹಾಕಿದ್ದಳು. ಎಣಿಸುವವರಿಗೆ ಪದ ಒಂದು ಗೀಟು ಮಾತ್ರ.

ಒಂದು ಭಾನುವಾರ ಬೆಳಿಗ್ಗೆ ಅವರು ಕೇಳಿದರು, "ನಿಂತು ಎಷ್ಟು ದಿನ ಆದ್ರೆ ನಿಂತ ಹಾಗೆ ಲೆಕ್ಕ?"

"ಏನು ನಿಂತು?"

ಮಾವ ಒಂದು ಕ್ಷಣ ತಡೆದು, "ಸಿಗರೇಟು," ಎಂದರು. "ಬಿಟ್ಟವರ ಬಗ್ಗೆ ಬರೆದಿರ್ತಾರಲ್ಲ."

"ಬಿಟ್ಟ ಮೇಲೆ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತೆ. ಯಾವತ್ತೂ ಸೇದದವರ ಮಟ್ಟಕ್ಕೆ ಬರೋಕೆ ತುಂಬಾ ವರ್ಷ ಬೇಕು. ಯಾಕೆ ಮಾವ, ಬಿಡೋ ಯೋಚನೆ ಇದೆಯಾ?"

"ಯೋಚನೆಗೇನು," ಎಂದು ಅವರು ನಕ್ಕರು. ಆ ನಗುವಿನಲ್ಲಿ ಏನೋ ಗೆದ್ದ ನಿರಾಳ ಇತ್ತು ಎಂದು ಅವಳಿಗೆ ಆಮೇಲೆ ನೆನಪಾಯಿತು.

ಗುಟ್ಟು ಹೊರಬಿದ್ದದ್ದು, ಎಣಿಸಿದ ಪದಗಳನ್ನು ಗುಂಪುಗೂಡಿಸಿ ಅವಳು ಮಾಡಿದ ನಕ್ಷೆಯಿಂದ. ಏಳು ಗುಂಪಿನ ಪದಗಳಿಗೆ ಕಂಪ್ಯೂಟರ್ ತಾನಾಗಿ ಕೊಟ್ಟ ಬಣ್ಣ ಒಂದರೊಳಗೊಂದು ಕಲಸಿಹೋಗಿತ್ತು. ಕಾರ್ಮಿಕರ ಗುಂಪು ಯಾವುದು, ಜೀನುಗಳ ಗುಂಪು ಯಾವುದು, ಚಿಕಿತ್ಸೆಯ ನಂತರ ಗಡ್ಡೆ ಮರಳಿ ಬರುವ ಬಗೆಗಿನ ಹೊಸ ಗುಂಪು ಯಾವುದು ತಿಳಿಯುತ್ತಿರಲಿಲ್ಲ. ಮಾವ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ ಲೊಚಗುಟ್ಟಿದರು.

"ಛೆ ಛೆ, ಇದ್ಯಾರು ಕುರುಡರು ಬಣ್ಣ ಹಾಕಿದ್ದು? ಈ ಎರಡು ಹಸಿರು ಅಕ್ಕತಂಗಿ. ಪಕ್ಕಪಕ್ಕ ಕೂರಿಸ್ಬಾರ್ದು. ನನ್ನ ಕಪಾಟಿನಲ್ಲಿ ನಮೂನೆಪುಸ್ತಕ ಇದೆ, ತಗೊಂಡು ಬಾ. ಏಳು ಬಣ್ಣ ಆರಿಸಿಕೊಡ್ತೀನಿ, ಜನ್ಮದಲ್ಲಿ ಕಲಸಲ್ಲ."

ಕಪಾಟಿನಲ್ಲಿ ಪುಸ್ತಕ ಎರಡಿದ್ದವು. ದಪ್ಪನೆಯದು ಬಟ್ಟೆಗಳ ಕೆಳಗೆ ಹೂತಿತ್ತು. ಅವಳ ಕೈಗೆ ಸಿಕ್ಕಿದ್ದು ತೆಳುವಾದದ್ದು, ಶಾಲೆಯ ಡ್ರಾಯಿಂಗ್ ಪುಸ್ತಕ. ಅಲ್ಲೇ ನಿಂತು ತೆರೆದಳು.

ಪುಟಕ್ಕೆ ಆರರಂತೆ ಬಿಳಿಬಟ್ಟೆಯ ಪಟ್ಟಿಗಳು. ಬೆರಳಗಲ, ಬೆರಳುದ್ದ, ನೇರ ಅಂಚು. ಪ್ರತಿಯೊಂದರ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ತಾರೀಕು, ಹೊತ್ತು, ಒಂದು ಸಾಲು. 'ಬೆಳಿಗ್ಗೆ ಆರು. ತೆಳು ಗುಲಾಬಿ. ಒಣಗಿದಾಗ ಕಂದು.' 'ಬೆಳಿಗ್ಗೆ ಆರೂವರೆ. ಗಾಢ. ನೋವಿಲ್ಲ.' ನಾಲ್ಕನೆಯ ಪುಟದಲ್ಲಿ ಎರಡು ಸಾಲು ಎದುರುಬದುರು: 'ಬೀಟ್ರೂಟ್ ತಿಂದ ದಿನ', 'ಬೀಟ್ರೂಟ್ ತಿನ್ನದ ದಿನ'. ಎರಡರಲ್ಲೂ ಅದೇ ಕಂದು. ಪಕ್ಕದಲ್ಲಿ ಇನ್ನೊಂದು ಪಟ್ಟಿ, ಬರಿಯ ಬೀಟ್ರೂಟ್ ರಸದ್ದು. 'ಒಗೆಯುವ ಸೋಡಾದ ನೀರಿಗೆ ಹಾಕಿದರೆ ಹಳದಿ ತಿರುಗಿತು. ನನ್ನದು ತಿರುಗಲಿಲ್ಲ. ಆದ್ದರಿಂದ ನನ್ನದು ಬೀಟ್ರೂಟ್ ಅಲ್ಲ.'

ಅವಳು ಪುಸ್ತಕ ಹಿಡಿದೇ ಮಂಚದ ತುದಿಯಲ್ಲಿ ಕೂತಳು. ಇಂಥ ಅಚ್ಚುಕಟ್ಟಾದ ಪ್ರಯೋಗವನ್ನು ಕಾಲೇಜಿನಲ್ಲಿ ಅವಳೂ ಮಾಡಿರಲಿಲ್ಲ. ಹಾಸುಬಟ್ಟೆ ಎಲ್ಲಿಗೆ ಹೋಗುತ್ತಿತ್ತು, ಬೀಟ್ರೂಟ್ ಯಾಕೆ ಬೇಕಾಗಿತ್ತು, ಸಂಜೆಯ ಪ್ರಶ್ನೆಗಳೆಲ್ಲ ಯಾರ ಬಗ್ಗೆ ಇದ್ದವು, ಎಲ್ಲವೂ ಆರಾರು ಪಟ್ಟಿಯ ಸಾಲಿನಲ್ಲಿ ಅವಳ ಮಡಿಲಲ್ಲಿತ್ತು.

ಕೊನೆಯ ಪುಟಗಳಲ್ಲಿ ಪಟ್ಟಿಗಳು ಬಿಳಿಯಾಗಿಯೇ ಇದ್ದವು. ಎಣಿಸುವ ಅಭ್ಯಾಸ ಬಿಡಲಿಲ್ಲ, ಎಣಿಸಿದಳು. ಹತ್ತೊಂಬತ್ತು. ಹತ್ತೊಂಬತ್ತನೆಯದರ ಮೇಲೆ ನೀಲಿ ಶಾಯಿಯಲ್ಲಿ ಮೊಹರು ಒತ್ತಿತ್ತು: ಪಕ್ಕಾ. ತಾರೀಕು, 'ನಿಂತು ಎಷ್ಟು ದಿನ' ಎಂದು ಅವರು ಕೇಳಿದ ಆ ಭಾನುವಾರದ್ದು.

"ಸಿಕ್ತಾ?" ಎಂದು ಹೊರಗಿಂದ ಕೂಗಿದ ಮಾವ ಬಾಗಿಲಿಗೆ ಬಂದು ಅವಳ ಕೈಯಲ್ಲಿದ್ದದ್ದನ್ನು ನೋಡಿದರು. ಬಾಗಿಲು ಮುಚ್ಚಿ, ಎದುರಿನ ಸ್ಟೂಲಿನ ಮೇಲೆ ಕೂತರು.

"ದೊಡ್ಡದು ತರೋಕೆ ಹೇಳಿದ್ದೆ."

"ಮಾವ, ಎಷ್ಟು ದಿನದಿಂದ?"

"ಬರೆದಿದೆಯಲ್ಲ. ಎಲ್ಲಾ ಬರೆದಿದೆ. ಈಗ ನಿಂತೋಯ್ತು. ಹತ್ತೊಂಬತ್ತು ದಿನ ತಿಳಿನೀರು. ನಮ್ಮಲ್ಲಿ ಮೂರು ಒಗೆತಕ್ಕೆ ಬಣ್ಣ ಬಿಡ್ಲಿಲ್ಲ ಅಂದ್ರೆ ಮಾಲು ಪಾಸು. ನಾನು ಹತ್ತೊಂಬತ್ತು ಒಗೆತ ನೋಡಿದ್ದೀನಿ."

"ಇದು ಬಟ್ಟೆ ಅಲ್ಲ ಮಾವ. ಇದು ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ. ನಿಂತಾಗಲೂ ಒಳಗೆ ಇರೋದು ಇದ್ದೇ ಇರುತ್ತೆ. ನಿಂತಿದೆ ಅಂತ ಸುಮ್ಮನೆ ಕೂತವರ ಬಗ್ಗೆ ಬೇರೆ ಗುಂಪಿದೆ ನನ್ನ ಹತ್ರ. 'ತಡವಾದ ಪತ್ತೆ' ಅಂತ."

"ಅವರಿಗೆ ಏನಾಗುತ್ತೆ?"

ಮಾವ ಅವಳ ಮುಖವನ್ನು ಎರಡು ನೂಲು ಹೋಲಿಸುವವರಂತೆ ನೋಡಿ, ಕಣ್ಣು ತೆಗೆದರು. ಮೊಹರು ಒತ್ತಿದ ಪಟ್ಟಿಯ ಮೇಲೆ ಹೆಬ್ಬೆರಳಾಡಿಸಿದರು.

"ಹಾಗಾದ್ರೆ ಇದು ತಪ್ಪು ಮೊಹರು," ಎಂದರು ಮೆಲ್ಲಗೆ. "ಮೂವತ್ತನಾಲ್ಕು ವರ್ಷದಲ್ಲಿ ಒಂದು ತಾನು ಬಟ್ಟೇನೂ ವಾಪಸ್ ಬಂದಿಲ್ಲ ನಂದು."

"ನಾಳೇನೇ ಹೋಗೋಣ. ನಮ್ಮ ಆಸ್ಪತ್ರೇಲೇ ಡಾಕ್ಟ್ರಿದ್ದಾರೆ."

"ಹೋಗೋಣ. ಆದ್ರೆ ಅವಳಿಗೆ ಹೇಳ್ಬೇಡ."

"ಅತ್ತೆಗಾ? ಹೇಗೆ ಮುಚ್ಚಿಡೋದು? ಯಾಕೆ ಮುಚ್ಚಿಡೋದು?"

ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಲವತ್ತೊಂದು ವರ್ಷದಿಂದ ಕಾಯ್ತಿದ್ದಾಳೆ ಕಣಮ್ಮ. 'ನಾನು ಹೇಳಿರ್ಲಿಲ್ವಾ' ಅಂತಾಳೆ. ಗಡ್ಡೆ ಬೇಕಾದ್ರೆ ತಡ್ಕೋತೀನಿ. ಅದೊಂದು ಮಾತು ತಡ್ಕೊಳ್ಳೋಕಾಗಲ್ಲ."

ಸೊಸೆಗೆ ನಗುವೂ ಬಂತು, ಅಳುವೂ ಬಂತು. ಈ ಅಚ್ಚುಕಟ್ಟಿನ ಮನುಷ್ಯ ಎರಡು ತಿಂಗಳು ತಡಮಾಡಿದ್ದು ಇಷ್ಟಕ್ಕಾಗಿ. ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಎಪ್ಪತ್ತಮೂರು ಗೀಟು ಎಳೆದವಳು ತಾನು, ಮತ್ತು ಅದೇ ಪದ ದಿನಾ ಬೆಳಿಗ್ಗೆ ಇದೇ ಮನೆಯ ಬಚ್ಚಲಲ್ಲಿ ಚಿಲಕ ಹಾಕಿಕೊಳ್ಳುತ್ತಿತ್ತು.

ಅತ್ತೆಗೆ ಅವಳೇ ಹೇಳಿದಳು, ಮಧ್ಯಾಹ್ನ, ಅತ್ತೆ ಇಸ್ತ್ರಿ ಮಾಡುತ್ತಿದ್ದಾಗ. ಮಾವನಿಂದ ಒಪ್ಪಿಗೆ ಪಡೆಯಲು ಅರ್ಧ ಗಂಟೆ ಹಿಡಿದಿತ್ತು. ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಯಾವುದಕ್ಕೂ ಬಣ್ಣ ಹಚ್ಚದೆ ಹೇಳಿದಳು. ಮಾವ ಯಾಕೆ ಅಡಗಿಸಿಟ್ಟರು ಎಂಬುದನ್ನೂ ಹೇಳಿದಳು.

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಒಂದೊಂದೇ ಪುಟ ತಿರುವಿದರು. ಕಂದು ಪಟ್ಟಿಗಳ ಮೇಲೆ ಅವರ ಬೆರಳು ನಿಲ್ಲಲಿಲ್ಲ. ಬಿಳಿಯವುಗಳ ಹತ್ತಿರ ನಿಂತಿತು.

"ಇದು ನನ್ನ ಶೀಟು," ಎಂದರು.

"ಹೌದು ಅತ್ತೆ."

"ಕೇಳಿದ್ರೆ ನಾನೇ ಕತ್ತರಿಸಿ ಕೊಡ್ತಿರ್ಲಿಲ್ವಾ?" ಅತ್ತೆ ಸೆರಗಲ್ಲಿ ಮುಖ ಒರೆಸಿಕೊಂಡು, "ಆ ಮಾತಿಗೆ ಅಷ್ಟು ಹೆದರ್ತಾರಾ?" ಎಂದು ಕೇಳಿದರು. ನಿಜವಾಗಿಯೂ ತಿಳಿಯಬೇಕೆಂಬ ಕುತೂಹಲ ಆ ದನಿಯಲ್ಲಿತ್ತು.

"ಗಡ್ಡೆಗಿಂತ ಜಾಸ್ತಿ ಅಂದ್ರು."

"ಅಯ್ಯೋ ಪಾಪ," ಎಂದರು ಅತ್ತೆ. ಗಂಡನ ಬಗ್ಗೆ ಆ ಪದವನ್ನು ಅವರು ಬಳಸಿದ್ದನ್ನು ಸೊಸೆ ಕೇಳಿದ್ದು ಅದೇ ಮೊದಲು.

ಆಸ್ಪತ್ರೆಯ ಡಾಕ್ಟರು ಗಿಡ್ಡನೆಯ, ಚುರುಕಾದ ಹೆಂಗಸು. ಫಾರಂ ತುಂಬಿಸುತ್ತಾ, "ಸಿಗರೇಟು?" ಎಂದರು.

"ಹತ್ತೊಂಬತ್ತನೇ ವಯಸ್ಸಿಂದ. ಈಗ ಅರವತ್ತೆಂಟು."

"ಕೆಲಸ?"

"ಬಣ್ಣ ಅದ್ದೋದು."

ಡಾಕ್ಟರ ಪೆನ್ನು ಅಲ್ಲಿ ನಿಂತಿತು. "ರಕ್ತ ಎಷ್ಟು ಸಲ ಹೋಗಿದೆ, ನೆನಪಿದೆಯಾ? ಎಲ್ಲರೂ ಒಂದೋ ಎರಡೋ ಸಲ ಅಂತಾರೆ."

ಮಾವ ಚೀಲದಿಂದ ಡ್ರಾಯಿಂಗ್ ಪುಸ್ತಕ ತೆಗೆದು ಮುಂದಿಟ್ಟರು. ಡಾಕ್ಟರು ಮೊದಲ ಪುಟ ನಿಂತುಕೊಂಡು ನೋಡಿದರು, ಎರಡನೆಯದಕ್ಕೆ ಕೂತರು, ಬೀಟ್ರೂಟ್ ಪುಟಕ್ಕೆ ಬಂದಾಗ ಪಕ್ಕದ ಕೋಣೆಯಿಂದ ಇನ್ನಿಬ್ಬರು ಡಾಕ್ಟರನ್ನು ಕರೆದರು. "ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ," ಎಂದರು. ಮಾವನ ಬೆನ್ನು ನೆಟ್ಟಗಾಯಿತು. ಆಮೇಲೆ ಡಾಕ್ಟರು ಕೊನೆಯ ಪುಟದ ಮೊಹರು ನೋಡಿ ತಲೆಯಾಡಿಸಿದರು. "ಇದೊಂದು ಬಿಟ್ಟು."

ಮೂರನೆಯ ದಿನ ಕ್ಯಾಮೆರಾ ಇರುವ ಸಣ್ಣ ನಳಿಗೆಯಿಂದ ಒಳಗೆ ನೋಡಿದರು. ಬಟಾಣಿ ಗಾತ್ರದ ಒಂದು ಗಡ್ಡೆ ಇತ್ತು, ಸಣ್ಣ ಹೂಕೋಸಿನ ಹಾಗೆ. ಮುಂದಿನ ವಾರ ಹೊಟ್ಟೆ ಕೊಯ್ಯದೆ ಅದೇ ದಾರಿಯಲ್ಲಿ ತೆಗೆದರು. ಪರೀಕ್ಷೆಯ ವರದಿಗಾಗಿ ಕಾದ ಆರು ದಿನ ಮನೆಯಲ್ಲಿ ಯಾರೂ ಜೋರಾಗಿ ಜಗಳವಾಡಲಿಲ್ಲ. ಅದೇ ಎಲ್ಲರಿಗೂ ಹೆದರಿಕೆ ಹುಟ್ಟಿಸಿತ್ತು. ನಡುಮನೆಯಲ್ಲಿ ಮಲಗಿದ್ದ ಮಾವ, "ಯಾರಾದ್ರೂ ಏನಾದ್ರೂ ಅನ್ರಪ್ಪ, ಕಿವಿ ಬತ್ತಿಹೋಗಿದೆ," ಎಂದು ಬೇಡಿಕೊಂಡರು.

ವರದಿ ಬಂತು. ಕ್ಯಾನ್ಸರ್ ಹೌದು. ಆದರೆ ಒಳಪದರದಲ್ಲೇ ಇತ್ತು, ಸ್ನಾಯುವಿನೊಳಗೆ ಬೇರು ಬಿಟ್ಟಿರಲಿಲ್ಲ. ಇನ್ನು ಮೂರು ಮೂರು ತಿಂಗಳಿಗೆ ನಳಿಗೆ ಹಾಕಿ ನೋಡಬೇಕು. ಈ ಗಡ್ಡೆಗೆ ಮರಳಿ ಬರುವ ಚಾಳಿ. ಸಿಗರೇಟು ಬಿಟ್ಟರೆ ಆ ಚಾಳಿ ಕಡಿಮೆಯಾಗುವ ಸಾಧ್ಯತೆ ಹೆಚ್ಚು.

ಆ ಸಂಜೆ ಊಟದ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬೇಳೆ. ಹಳೆಯ ಜಗಳ ಮರಳಿ ಬಂದದ್ದು ಎಲ್ಲರಿಗೂ ನೆಮ್ಮದಿ ಕೊಟ್ಟಿತು.

"ಕಾರ್ಖಾನೆಯವರನ್ನ ಕೇಳ್ಬೇಕು," ಎಂದ ಮಗ. "ಇದು ಬಣ್ಣದ್ದೇ ಕೆಲಸ."

ಅತ್ತೆ ಬಾಯಿ ತೆರೆದರು. ಎಲ್ಲರೂ ಅವರ ಕಡೆ ನೋಡಿದರು. ಅತ್ತೆ ಒಂದು ತುಂಡು ಆಲೂಗಡ್ಡೆಯನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು.

"ಬಣ್ಣದ್ದಾ, ಹೊಗೇದಾ?" ಎಂದು ಮಾವನೇ ಸೊಸೆಯನ್ನು ಕೇಳಿದರು. "ಅಷ್ಟೆಲ್ಲ ಎಣಿಸಿದೀಯ. ತೀರ್ಪು ಹೇಳು."

"ನಿಮ್ಮೊಬ್ಬರ ವಿಷಯದಲ್ಲಿ ಇಂಥದ್ದೇ ಅಂತ ಹೇಳೋಕೆ ಯಾರಿಗೂ ಆಗಲ್ಲ ಮಾವ. ಒಂದು ವಿಷಯ ಮಾತ್ರ ಇದೆ. ಹಳೇ ಕಾಲದ ಬಣ್ಣದ ಮನೇಲಿ ತೊಂದರೆ ಕೊಡ್ತಿದ್ದ ಕೆಲವು ರಾಸಾಯನಿಕಗಳಿವೆ. ನಿಮ್ಮ ತೊಟ್ಟಿಗಳಲ್ಲಿ ಎಷ್ಟಿತ್ತೋ ಗೊತ್ತಿಲ್ಲ. ಆದ್ರೆ ಅದೇ ಕುಟುಂಬದ್ದು ಸಿಗರೇಟಿನ ಹೊಗೇಲೂ ಇದೆ. ಹೊಗೆ ಶ್ವಾಸಕೋಶಕ್ಕೆ ಹೋಗುತ್ತೆ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ. ಆಮೇಲೆ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತೆ."

ಮಾವ ಚಮಚ ಕೆಳಗಿಟ್ಟರು. "ಅದೇ ಸಾಮಾನಾ? ತೊಟ್ಟಿಯಲ್ಲಿ ಇದ್ದದ್ದೇ?"

"ಅದೇ ಕುಲ."

"ಅಂದ್ರೆ," ಎಂದರು ಮಾವ, ಬೆರಳಲ್ಲಿ ಲೆಕ್ಕ ಹಾಕುವಂತೆ, "ಬೆಳಿಗ್ಗೆಯಿಂದ ಸಂಜೆವರೆಗೆ ಕಾರ್ಖಾನೇಲಿ ಅದ್ದಿದೆ. ಸಂಜೆ ಮೇಲೆ ಬಾಲ್ಕನೀಲಿ ಕೂತು ನನ್ನನ್ನೇ ಅದ್ಕೊಂಡೆ. ಬಿಟ್ಟಿ ಓವರ್‌ಟೈಮು!"

ಮೊದಲು ನಕ್ಕವರು ಅತ್ತೆ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. "ಎರಡೂ ಕಡೆಯವರು ಗೆದ್ದಿದ್ದಾರೆ, ಹಾಗಾಗಿ ಇಬ್ಬರೂ ಪಾತ್ರೆ ತೊಳೀಬೇಕು," ಎಂದು ವಕೀಲೆ ತೀರ್ಪು ಕೊಟ್ಟಳು.

ಸಿಗರೇಟು ಮಾತ್ರ ನಗುವಿಗೆ ಹೋಗಲಿಲ್ಲ. ದಿನಕ್ಕೆ ಹತ್ತರಿಂದ ನಾಲ್ಕಕ್ಕೆ ಬಂತು, ನಾಲ್ಕರಲ್ಲಿ ಹಟ ಹಿಡಿದು ಕೂತಿತು. ಮಗ ರೇಗಿದ, ವಕೀಲೆ ಬೆಂಕಿಪೊಟ್ಟಣ ಬಚ್ಚಿಟ್ಟಳು. ಅತ್ತೆ ತುಟಿಪಿಟಕ್ಕೆನ್ನಲಿಲ್ಲ. ಆ ಮೌನ ಎಷ್ಟು ಕಷ್ಟದ್ದು ಎಂಬುದು ಅವರು ಪಾತ್ರೆ ಇಡುವ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಸೊಸೆ ಒಂದು ದಿನ ತನ್ನ ಎಣಿಕೆಯ ಅಂಕಿಗಳನ್ನೆಲ್ಲ ಮಾವನ ಮುಂದಿಟ್ಟಳು. ಅವರು ಆಸಕ್ತಿಯಿಂದ ಕೇಳಿ, "ಸರಿಯಾಗೇ ಇದೆ," ಎಂದು ಹೇಳಿ ಬಾಲ್ಕನಿಗೆ ಹೋದರು.

ವರದಿ ಬಂದ ಮೇಲಿನ ನಾಲ್ಕನೆಯ ಶನಿವಾರ ಅವಳು ಕೆಲಸದಿಂದ ಬಂದಾಗ ಮಾವ ಬಾಲ್ಕನಿಯಲ್ಲಿ ಮೂರು ಬಟ್ಟಲು ನೀರು, ಸೋಪಿನ ಪುಡಿ ಇಟ್ಟುಕೊಂಡು ಕೂತಿದ್ದರು. ಕೈಯಲ್ಲಿ ಹಾಸುಬಟ್ಟೆಯ ಒಂದು ಪಟ್ಟಿ.

"ಬಾ, ನೋಡು. ಒಂದೇ ಒಂದು ಸಿಗರೇಟು. ಹೊಗೆ ನುಂಗ್ಲಿಲ್ಲ, ಈ ಬಟ್ಟೆ ತುಟಿಗಿಟ್ಕೊಂಡು ಇದರ ಮೂಲಕ ಊದಿದೆ."

ಪಟ್ಟಿಯ ನಡುವೆ ನಾಣ್ಯದಗಲ, ಕಡು ಚಹಾದ ಬಣ್ಣದ ಕಲೆ. ಮಾವ ಅದನ್ನು ಮೊದಲ ಬಟ್ಟಲಲ್ಲಿ ಉಜ್ಜಿದರು, ಎರಡನೆಯದರಲ್ಲಿ ಉಜ್ಜಿದರು. ಮೂರನೆಯದರಲ್ಲಿ ಜಾಲಿಸಿ ಎತ್ತಿ ಹಿಡಿದರು. ನೀರು ತಿಳಿಯಾಗಿತ್ತು. ಕಲೆ ಕೊಂಚ ಮಾಸಿತ್ತು, ಅಷ್ಟೇ.

ಅವರು ಬಹಳ ಹೊತ್ತು ನೋಡಿದರು. ಬೇರೆ ಯಾರ ಅಂಕಿಯನ್ನೂ ಅಲ್ಲ, ತಮ್ಮ ಕಣ್ಣನ್ನೇ ನಂಬುತ್ತಾ ಬಂದ ಮನುಷ್ಯ.

"ಇದು ನೋಡು ಪಕ್ಕಾ ಅಂದ್ರೆ," ಎಂದರು. ವಕೀಲೆಯ ಕೈಲಿ ಮೊಹರು ತರಿಸಿ, ಒದ್ದೆ ಪಟ್ಟಿಯ ಮೇಲೆ ಒತ್ತಿ, ಡ್ರಾಯಿಂಗ್ ಪುಸ್ತಕದಲ್ಲಿ ಹೊಸ ಪುಟಕ್ಕೆ ಅಂಟಿಸಿದರು. ಕೆಳಗೆ ಬರೆದರು: 'ಒಂದು ಸಿಗರೇಟು. ಉಳಿದದ್ದು ಒಗೆಯಲಾಗದ ಜಾಗದಲ್ಲಿದೆ.' ಪೊಟ್ಟಣದಲ್ಲಿ ಇನ್ನೂ ಆರು ಇದ್ದವು. ಅವನ್ನು ಒಂದೊಂದಾಗಿ ಮುರಿದು ಮೂರು ಬಟ್ಟಲಿಗೂ ಎರಡೆರಡು ಹಾಕಿದರು. ನೀರು ಕಂದಾಗುವುದನ್ನು ಅವರು ಮತ್ತು ವಕೀಲೆ ತಲೆಗೆ ತಲೆ ತಾಗಿಸಿ ನೋಡಿದರು.

ಮೊದಲ ಮೂರು ತಿಂಗಳ ಪರೀಕ್ಷೆಯ ದಿನ ಮನೆಯವರೆಲ್ಲ ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ಕೂತಿದ್ದರು. ಸಿಗರೇಟು ಬಿಟ್ಟ ಮಾವ ಎರಡು ಕೇಜಿ ಹೆಚ್ಚಿದ್ದರು, ಸಣ್ಣ ಸಣ್ಣದಕ್ಕೆ ಸಿಡಿಮಿಡಿಗೊಳ್ಳುತ್ತಿದ್ದರು, ಬೆಂಕಿಪೊಟ್ಟಣದ ಬದಲು ಒಂದು ಗುಂಡಿಯನ್ನು ಬೆರಳ ನಡುವೆ ತಿರುಗಿಸುತ್ತಿದ್ದರು. ಡಾಕ್ಟರು ಹೊರಗೆ ಬಂದು, "ಏನೂ ಇಲ್ಲ. ಶುಭ್ರವಾಗಿದೆ," ಎಂದರು.

ಮನೆಗೆ ಬಂದ ಕೂಡಲೆ ಮಾವ ಡ್ರಾಯಿಂಗ್ ಪುಸ್ತಕ ತೆರೆದರು. ಅತ್ತೆ ಕಪಾಟಿನಿಂದ ಒಂದು ಬಟ್ಟೆಗಂಟು ತಂದು ಮೇಜಿನ ಮೇಲಿಟ್ಟರು. ಉಳಿದ ಹಾಸುಬಟ್ಟೆ ಪೂರ್ತಿ, ಬೆರಳಗಲ ಬೆರಳುದ್ದದ ಪಟ್ಟಿಗಳಾಗಿ ಕತ್ತರಿಸಿ, ನೂರು ನೂರರ ಕಟ್ಟು ಕಟ್ಟಿತ್ತು. ಅಂಚು ಮಾವ ಕತ್ತರಿಸಿದ್ದಕ್ಕಿಂತ ನೇರವಾಗಿತ್ತು.

"ಇಸ್ತ್ರಿಗೆ ಏನು ಹಾಸ್ತೀಯ?" ಎಂದರು ಮಾವ, ದನಿ ಸರಿಪಡಿಸಿಕೊಂಡು.

"ನಿಮ್ಮ ಪಂಚೆ."

ಮಾವ ಆ ದಿನದ ಬಿಳಿ ಪಟ್ಟಿಯನ್ನು ಅಂಟಿಸಿ, ಅಭ್ಯಾಸಬಲದಿಂದ ಮೊಹರಿಗೆ ಕೈ ಹಾಕಿದರು. ಶಾಯಿಗೂ ತಾಗಿಸಿದರು. ಆಮೇಲೆ ತಡೆದು ಸೊಸೆಯ ಕಡೆ ನೋಡಿದರು. "ಎಷ್ಟು ದಿನ ನಿಂತ್ರೆ ನಿಂತ ಹಾಗೆ? ಈ ಸಲ ಸಿಗರೇಟಿನ ವಿಷಯ ಕೇಳ್ತಿಲ್ಲ."

"ಅಷ್ಟೂ ಲೇಖನ ಮುಗಿಸಿದೆ ಮಾವ. ಇಂಥ ದಿನಕ್ಕೆ ಅಂತ ಖಚಿತವಾಗಿ ಹೇಳಿದ್ದು ಒಂದೂ ಸಿಗಲಿಲ್ಲ. ನೋಡ್ತಾನೇ ಇರ್ಬೇಕು ಅಂತಾರೆ."

ಮೊಹರು ಗಾಳಿಯಲ್ಲೇ ಇತ್ತು. ಅತ್ತೆ ಕೈ ಚಾಚಿ ಅದನ್ನು ಗಂಡನ ಬೆರಳುಗಳಿಂದ ಬಿಡಿಸಿಕೊಂಡರು. ಸೆರಗಿನ ತುದಿಯಲ್ಲಿ ಶಾಯಿ ಒರೆಸಿ, ಸೂಜಿ ದಾರ ಇಡುವ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿದರು.

"ಇದು ನನ್ನ ಹತ್ರ ಇರ್ಲಿ. ಒತ್ತೋ ಕಾಲ ಬಂದಾಗ ನಾನು ಹೇಳ್ತೀನಿ."

ಮಾವ ಆ ಮುಚ್ಚಿದ ಡಬ್ಬಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಪಟ್ಟಿಯ ಕೆಳಗೆ ಪೆನ್ಸಿಲ್ಲಿನಲ್ಲಿ, ಬೇಕಾದರೆ ಅಳಿಸಬಹುದಾದಷ್ಟು ತೆಳುವಾಗಿ, ಬರೆದರು: 'ಇವತ್ತು ಬಿಳಿ.'